ಹರಿಯಲೂ ಬೇಕು, ನಿಲ್ಲಲೂ ಬೇಕು: ರಕ್ತ ಮತ್ತು ರಕ್ತನಾಳಗಳು



ತರಕಾರಿ ಹೆಚ್ಚುವಾಗಲೋ, ಬ್ಲೇಡಿನಿಂದ ಪೆನ್ಸಿಲ್ ಚೂಪು ಮಾಡುವಾಗಲೋ ಎಂದಾದರೊಂದು ದಿನ ನಿಮ್ಮ ಬೆರಳು ಕೊಯ್ದಿರಲೇಬೇಕು. ಮೊದಲು ಚರ್ಮದ ಮೇಲೆ ಒಂದು ಸಣ್ಣ ಗೆರೆ. ಆ ಗೆರೆಯ ಮೇಲೆ ಕೆಂಪು ಮಣಿಗಳು. ಅವು ಕೂಡಿ ಒಂದು ಹನಿ. ಆಗ ನೀವು ಬೆರಳನ್ನು ಬಾಯಿಗಿಟ್ಟು ಚೀಪಿರಬಹುದು. ಅಜ್ಜಿ ಓಡಿಬಂದು ಅರಿಶಿನವನ್ನೋ ಕಾಫಿ ಪುಡಿಯನ್ನೋ ಒತ್ತಿರಬಹುದು. ಐದಾರು ನಿಮಿಷದಲ್ಲಿ ರಕ್ತ ನಿಂತಿತು. ಕಾಫಿ ಪುಡಿಯಿಂದ ನಿಂತಿತೆಂದು ಅಜ್ಜಿಯ ನಂಬಿಕೆ. ನಿಜವಾಗಿ ನಿಲ್ಲಿಸಿದ್ದು ಅಜ್ಜಿಯ ಬೆರಳಿನ ಒತ್ತಡ ಮತ್ತು ನಿಮ್ಮ ರಕ್ತವೇ.

ಇಲ್ಲಿ ಒಂದು ಸೋಜಿಗವಿದೆ. ಹೊರಗೆ ಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಅದೇ ರಕ್ತ ದೇಹದ ಒಳಗೆ ಎಪ್ಪತ್ತು ಎಂಬತ್ತು ವರ್ಷ ಹಗಲಿರುಳೂ ಹರಿಯುತ್ತಲೇ ಇರುತ್ತದೆ, ಹೆಪ್ಪುಗಟ್ಟುವುದಿಲ್ಲ. ಒಳಗಿದ್ದಾಗ ಹರಿಯಬೇಕು, ನಾಳ ತುಂಡಾದ ಕೂಡಲೇ ಆ ಜಾಗದಲ್ಲಿ ಮಾತ್ರ ನಿಲ್ಲಬೇಕು. ಒಂದಕ್ಕೊಂದು ವಿರುದ್ಧವಾದ ಈ ಎರಡು ಕೆಲಸಗಳನ್ನು ಒಂದೇ ದ್ರವ ಹೇಗೆ ಮಾಡುತ್ತದೆ? ಇದಕ್ಕೆ ಉತ್ತರ ರಕ್ತದಲ್ಲಿ ಅರ್ಧ ಇದೆ, ಅದು ಹರಿಯುವ ನಾಳದ ಗೋಡೆಯಲ್ಲಿ ಇನ್ನರ್ಧ ಇದೆ. ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಪಾಠಗಳು. ಇಂದು ನಾವು ಇವನ್ನು ಜೊತೆಯಾಗಿ ನೋಡೋಣ. ಈ ತಿಳಿವಳಿಕೆ ಪರೀಕ್ಷೆಗಷ್ಟೇ ಅಲ್ಲ, ಒಂದಲ್ಲ ಒಂದು ದಿನ ನಿಮ್ಮ ಎದುರಿಗಿರುವ ಒಬ್ಬರ ಜೀವ ಉಳಿಸುವುದಕ್ಕೂ ಬೇಕಾಗಬಹುದು.

ಕೈಯಲ್ಲೇ ಇದ್ದ ಸಾಕ್ಷಿ

ರಕ್ತ ದೇಹದಲ್ಲಿ ಸುತ್ತುತ್ತದೆ ಎಂಬುದು ಈಗ ಪ್ರಾಥಮಿಕ ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಇದು ಖಚಿತವಾಗಿ ತಿಳಿದು ಸುಮಾರು 400 ವರ್ಷ ಮಾತ್ರ ಆಗಿದೆ. ಅದಕ್ಕೆ ಮೊದಲು, ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ಯಾಲೆನ್ ಎಂಬ ವೈದ್ಯನ ಮಾತೇ ಯೂರೋಪಿನಲ್ಲಿ ಪ್ರಮಾಣವಾಗಿತ್ತು. ನಾವು ಉಂಡ ಆಹಾರದಿಂದ ಯಕೃತ್ತಿನಲ್ಲಿ ರಕ್ತ ತಯಾರಾಗುತ್ತದೆ, ನಾಳಗಳ ಮೂಲಕ ಅಂಗಾಂಗಗಳಿಗೆ ಹರಿದು ಅಲ್ಲಿಯೇ ಬಳಕೆಯಾಗಿ ಮುಗಿದುಹೋಗುತ್ತದೆ ಎಂದು ಅವನು ಹೇಳಿದ್ದ. ಮಂಡ್ಯದ ಕಡೆಯ ಮಿತ್ರರಿಗೆ ಇದು ಬೇಗ ಅರ್ಥವಾಗುತ್ತದೆ. ಕನ್ನಂಬಾಡಿಯಿಂದ ಹೊರಟ ನೀರು ದೊಡ್ಡ ನಾಲೆಯಿಂದ ಸಣ್ಣ ನಾಲೆಗೆ, ಅಲ್ಲಿಂದ ಗದ್ದೆಗೆ ಬಂದು ಇಂಗುತ್ತದೆಯಷ್ಟೆ. ಗ್ಯಾಲೆನ್ನನ ಕಲ್ಪನೆಯ ರಕ್ತವೂ ಹೀಗೆ ಇಂಗಿಹೋಗುವ ರಕ್ತ.

ಇಂಗ್ಲೆಂಡಿನ ವಿಲಿಯಂ ಹಾರ್ವೆ ಇದನ್ನು ಒಪ್ಪಲಿಲ್ಲ. ಅವನು ಮಾಡಿದ್ದು ಒಂದು ಸರಳವಾದ ಲೆಕ್ಕ. ಹೃದಯದ ಒಂದು ಬಡಿತಕ್ಕೆ ಎಷ್ಟು ರಕ್ತ ಹೊರಬೀಳುತ್ತದೆ? ಅರ್ಧ ಗಂಟೆಗೆ ಎಷ್ಟು ಬಡಿತ? ಬಹಳ ಕಡಿಮೆ ಅಂದಾಜು ಹಿಡಿದು ಗುಣಿಸಿದರೂ, ಇಡೀ ದೇಹದಲ್ಲಿರುವುದಕ್ಕಿಂತ ಹೆಚ್ಚು ರಕ್ತ ಅರ್ಧ ಗಂಟೆಯಲ್ಲಿ ಹೃದಯದಿಂದ ಹೊರಬೀಳಬೇಕಾಗುತ್ತಿತ್ತು. ಇಂದಿನ ಅಂಕಿಗಳನ್ನು ಹಾಕಿ ನೀವೇ ಲೆಕ್ಕ ಮಾಡಿ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ 72 ಬಡಿತ. ನಿಮಿಷಕ್ಕೆ ಸುಮಾರು 5 ಲೀಟರ್, ಗಂಟೆಗೆ 300 ಲೀಟರ್. ಇಷ್ಟು ರಕ್ತವನ್ನು ಹೊಸದಾಗಿ ತಯಾರಿಸಲು ಯಾವ ಯಕೃತ್ತಿಗೆ ಸಾಧ್ಯ? ಅದಕ್ಕೆ ಬೇಕಾದಷ್ಟು ಊಟ ಮಾಡಲು ಯಾರಿಗೆ ಸಾಧ್ಯ? ಹಾಗಾದರೆ ಹೋದ ರಕ್ತವೇ ಮರಳಿ ಬರುತ್ತಿರಬೇಕು.

ಮರಳಿ ಬರುವ ದಾರಿಯನ್ನು ಹಾರ್ವೆ ತೋಳಿನಲ್ಲೇ ತೋರಿಸಿದ. ಇದನ್ನು ನೀವೂ ನೋಡಬಹುದು. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಿ. ಅಂಗೈ ಹಿಂಬದಿಯಲ್ಲಿ ಅಥವಾ ಮುಂಗೈಯಲ್ಲಿ ನಾಳಗಳು ಉಬ್ಬಿ ಕಾಣುತ್ತವೆ. ಬೆರಳುಗಳ ಕಡೆಗೆ ಇರುವ ತುದಿಯಲ್ಲಿ ಒಂದು ನಾಳದ ಮೇಲೆ ಬೆರಳನ್ನು ಒತ್ತಿಡಿ. ಇನ್ನೊಂದು ಬೆರಳಿನಿಂದ ನಾಳದೊಳಗಿನ ರಕ್ತವನ್ನು ಮೊಣಕೈ ಕಡೆಗೆ ಸವರಿ, ಆ ಎರಡನೆಯ ಬೆರಳನ್ನು ತೆಗೆಯಿರಿ. ಮೇಲಿನಿಂದ ರಕ್ತ ಒಂದು ಗುರುತಿನವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಅದರ ಕೆಳಗಿನ ಭಾಗ ಖಾಲಿಯಾಗಿಯೇ ಇರುತ್ತದೆ. ಈಗ ಮೊದಲನೆಯ ಬೆರಳನ್ನು ಎತ್ತಿ. ನಾಳ ಕೆಳಗಿನಿಂದ ಥಟ್ಟನೆ ತುಂಬಿಕೊಳ್ಳುತ್ತದೆ. ರಕ್ತ ನಿಂತ ಆ ಗುರುತಿನಲ್ಲಿ ಒಂದು ಕವಾಟವಿದೆ. ಹೃದಯದ ಕಡೆಗೆ ಹೋಗುವ ರಕ್ತಕ್ಕೆ ಅದು ತೆರೆದ ಬಾಗಿಲು, ಹಿಂದಕ್ಕೆ ಬರುವ ರಕ್ತಕ್ಕೆ ಮುಚ್ಚಿದ ಬಾಗಿಲು. ಈ ಕವಾಟಗಳನ್ನು ವಿವರಿಸಿ 1603ರಲ್ಲಿ ಪುಸ್ತಕ ಪ್ರಕಟಿಸಿದವನು ಹಾರ್ವೆಯ ಗುರು, ಇಟಲಿಯ ಪಡುವಾ ನಗರದ ಫ್ಯಾಬ್ರಿಷಿಯಸ್. ಅವುಗಳ ಅರ್ಥವನ್ನು ಕಂಡವನು ಶಿಷ್ಯ. 1628ರಲ್ಲಿ ಹಾರ್ವೆಯ ಪುಸ್ತಕ ಹೊರಬಂತು.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಹೋಗುವ ನಾಳಗಳಿಂದ ಬರುವ ನಾಳಗಳಿಗೆ ರಕ್ತ ಎಲ್ಲಿ ದಾಟುತ್ತದೆ? ಹಾರ್ವೆಗೆ ಆ ಸೇತುವೆ ಕಾಣಲಿಲ್ಲ, ಬರಿಗಣ್ಣಿಗೆ ಅದು ಕಾಣುವಂಥದೂ ಅಲ್ಲ. ಅವನು 1657ರಲ್ಲಿ ತೀರಿಕೊಂಡ. ನಾಲ್ಕು ವರ್ಷಗಳ ಬಳಿಕ, 1661ರಲ್ಲಿ, ಇಟಲಿಯ ಮಾರ್ಸೆಲ್ಲೋ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೂದಲಿಗಿಂತಲೂ ನವುರಾದ ನಾಳಗಳ ಜಾಲವನ್ನು ವಿವರಿಸಿದ. ಅವೇ ಲೋಮನಾಳಗಳು. ಹಾರ್ವೆ ಎಳೆದಿದ್ದ ವೃತ್ತ ಆಗ ಪೂರ್ಣವಾಯಿತು.

ಕೆಲಸಕ್ಕೆ ತಕ್ಕ ಗೋಡೆ

ಹೃದಯದಿಂದ ರಕ್ತವನ್ನು ಒಯ್ಯುವವು ಅಪಧಮನಿಗಳು. ಹೃದಯಕ್ಕೆ ಮರಳಿ ತರುವವು ಅಭಿಧಮನಿಗಳು. ಇವೆರಡರ ನಡುವಿನ ಸೇತುವೆ ಲೋಮನಾಳಗಳು. ಅಪಧಮನಿ ಎಂದರೆ ಆಮ್ಲಜನಕ ತುಂಬಿದ ರಕ್ತ ಎಂದು ಬಾಯಿಪಾಠ ಮಾಡಬೇಡಿ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆಯಾದ ರಕ್ತವೇ ಇರುತ್ತದೆ. ಹೆಸರು ನಿರ್ಧಾರವಾಗುವುದು ದಿಕ್ಕಿನಿಂದ.

ಅಪಧಮನಿಯ ಗೋಡೆಗೆ ಮೂರು ಪದರಗಳಿವೆ. ಒಳಗಿನದು ರಕ್ತವನ್ನು ಮುಟ್ಟುವ ನುಣುಪಾದ ಒಳಪೊರೆ. ನಡುವಿನದು ಸ್ನಾಯು ಮತ್ತು ಹಿಗ್ಗುವ ಎಳೆಗಳ ದಪ್ಪ ಪದರ. ಹೊರಗಿನದು ಗಟ್ಟಿಯಾದ ನಾರಿನ ಹೊದಿಕೆ. ಹೃದಯ ಬಡಿದಾಗ ನುಗ್ಗಿದ ರಕ್ತಕ್ಕೆ ಗೋಡೆ ಹಿಗ್ಗಿ ಜಾಗ ಕೊಡುತ್ತದೆ. ಹೃದಯ ಸಡಿಲಿದಾಗ ಗೋಡೆ ಮತ್ತೆ ಕುಗ್ಗಿ ರಕ್ತವನ್ನು ಮುಂದಕ್ಕೆ ದೂಡುತ್ತದೆ. ಹೀಗಾಗಿಯೇ ಹೃದಯ ಬಿಟ್ಟು ಬಿಟ್ಟು ಬಡಿದರೂ ರಕ್ತ ಬಿಡದೆ ಹರಿಯುತ್ತದೆ. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಬೆರಳಿಟ್ಟರೆ ಸಿಗುವ ನಾಡಿ ಈ ಹಿಗ್ಗುವಿಕೆಯೇ. ಬಡಿದಾಗಿನ ಒತ್ತಡ ಸುಮಾರು 120, ಸಡಿಲಿದಾಗಿನದು ಸುಮಾರು 80, ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ. ವೈದ್ಯರು ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಎರಡು ಅಂಕಿಗಳು ಇವೇ.

ಅಪಧಮನಿಗಳು ಕವಲೊಡೆದು ಸಣ್ಣದಾದಂತೆ ಅವುಗಳ ಗೋಡೆಯ ಸ್ನಾಯು ತೂಬಿನಂತೆ ಕೆಲಸ ಮಾಡುತ್ತದೆ. ಎಲ್ಲ ತೂಬುಗಳನ್ನೂ ಒಟ್ಟಿಗೆ ಪೂರ್ತಿ ತೆರೆದರೆ ಐದು ಲೀಟರ್ ರಕ್ತ ಸಾಲದು. ಆದ್ದರಿಂದ ದೇಹ ಅಗತ್ಯ ನೋಡಿ ಹಂಚುತ್ತದೆ. ನೀವು ಸುಮ್ಮನೆ ಕುಳಿತಾಗ ಮೈಯ ಮಾಂಸಖಂಡಗಳಿಗೆ ಹೃದಯದಿಂದ ಹೊರಟ ರಕ್ತದ ಐದನೆಯ ಒಂದು ಭಾಗ ಹೋದರೆ ಹೆಚ್ಚು. ಜೋರಾಗಿ ಕಬಡ್ಡಿ ಆಡುವಾಗ ಬಹುಪಾಲು ರಕ್ತ ಅಲ್ಲಿಗೇ ಹೋಗುತ್ತದೆ. ಚಳಿಯಲ್ಲಿ ಬೆರಳು ಬಿಳಿಚುವುದು, ನಾಚಿದಾಗ ಮುಖ ಕೆಂಪಾಗುವುದು, ಎರಡೂ ಈ ತೂಬುಗಳ ಆಟವೇ.

ಲೋಮನಾಳಕ್ಕೆ ಬಂದರೆ ಗೋಡೆ ಎಂದರೆ ಒಂದೇ ಸಾಲು ಕೋಶ. ಸ್ನಾಯುವಿಲ್ಲ, ನಾರಿನ ಹೊದಿಕೆಯಿಲ್ಲ. ಒಳಗಿನ ದಾರಿ ಎಷ್ಟು ಇಕ್ಕಟ್ಟೆಂದರೆ ಕೆಂಪು ರಕ್ತಕಣಗಳು ಒಂದರ ಹಿಂದೊಂದು, ಕೆಲವೆಡೆ ಮೈ ಬಾಗಿಸಿಕೊಂಡು ಸಾಗಬೇಕು. ಒಂದೊಂದು ಲೋಮನಾಳ ಇಷ್ಟು ಸಣ್ಣದಾದರೂ ಎಲ್ಲವನ್ನೂ ಕೂಡಿಸಿದರೆ ದಾರಿ ಬಹಳ ಅಗಲ. ಆದ್ದರಿಂದ ಗದ್ದೆಗೆ ಹರಡಿದ ನಾಲೆಯ ನೀರಿನಂತೆ ರಕ್ತದ ವೇಗ ಇಲ್ಲಿ ತಗ್ಗಿ, ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತಲೂ ಕಡಿಮೆಯಾಗುತ್ತದೆ. ಆ ನಿಧಾನದಲ್ಲೇ ವಿನಿಮಯ ನಡೆಯುವುದು. ಆಮ್ಲಜನಕ ಮತ್ತು ಸಕ್ಕರೆ ಕೋಶಗಳಿಗೆ ಇಳಿಯುತ್ತವೆ, ಇಂಗಾಲದ ಡೈ ಆಕ್ಸೈಡ್ ಮತ್ತು ಇತರ ಕಸ ರಕ್ತಕ್ಕೆ ಏರುತ್ತವೆ. ಹೃದಯ, ಅಪಧಮನಿ, ಅಭಿಧಮನಿ ಎಲ್ಲವೂ ಇರುವುದು ಈ ಒಂದು ಕ್ಷಣದ ವ್ಯವಹಾರಕ್ಕಾಗಿ ಎಂದರೆ ತಪ್ಪಾಗದು.

ಅಭಿಧಮನಿಗಳಲ್ಲಿ ಒತ್ತಡ ತೀರ ಕಡಿಮೆ. ಗೋಡೆ ತೆಳು, ಒಳದಾರಿ ಅಗಲ. ಯಾವುದೇ ಕ್ಷಣದಲ್ಲಿ ದೇಹದ ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗ ಇವುಗಳಲ್ಲೇ ಇರುತ್ತದೆ. ಚರ್ಮದ ಕೆಳಗೆ ಇವು ನೀಲಿಯಾಗಿ ಕಂಡರೂ ಒಳಗಿನ ರಕ್ತ ನೀಲಿಯಲ್ಲ, ಕಡುಗೆಂಪು. ಕಾಲಿನಿಂದ ಹೃದಯಕ್ಕೆ ಏರಬೇಕಾದ ಈ ರಕ್ತಕ್ಕೆ ಕವಾಟಗಳು ಮೆಟ್ಟಿಲಾದರೆ, ಮೀನಖಂಡದ ಸ್ನಾಯು ಪಂಪು. ನೀವು ನಡೆದಾಗಲೆಲ್ಲ ಅದು ಹಿಂಡಿ ರಕ್ತವನ್ನು ಒಂದು ಮೆಟ್ಟಿಲು ಮೇಲಕ್ಕೇರಿಸುತ್ತದೆ.

ಸ್ವಾತಂತ್ರ್ಯ ದಿನಾಚರಣೆಯಂದು ಮೈದಾನದಲ್ಲಿ ಅಲುಗಾಡದೆ ನಿಂತ ಹುಡುಗನೋ ಹುಡುಗಿಯೋ ಧೊಪ್ಪನೆ ಬೀಳುವುದನ್ನು ನೀವು ನೋಡಿರಬಹುದು. ಮೀನಖಂಡ ಅಲುಗದೆ ಪಂಪು ನಿಂತಿತು. ಬಿಸಿಲಿಗೆ ಚರ್ಮದ ನಾಳಗಳು ಹಿಗ್ಗಿದವು. ರಕ್ತ ಕಾಲಿನಲ್ಲೇ ತಂಗಿತು, ಮಿದುಳಿಗೆ ಸಾಲದಾಯಿತು. ಇಂಥವರನ್ನು ಎತ್ತಿ ಕೂರಿಸಬೇಡಿ, ಎಚ್ಚರ ಬರುವ ಮೊದಲು ಬಾಯಿಗೆ ನೀರು ಹುಯ್ಯಬೇಡಿ. ನೆರಳಿನಲ್ಲಿ ಅಂಗಾತ ಮಲಗಿಸಿ ಕಾಲನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ಬಿಡದಿದ್ದರೆ ವೈದ್ಯರನ್ನು ಕರೆಯಿಸಿ. ನೀವೇ ಸಾಲಿನಲ್ಲಿ ನಿಂತಿದ್ದರೆ, ಯಾರಿಗೂ ಕಾಣದಂತೆ ಆಗಾಗ ಹಿಮ್ಮಡಿಯನ್ನು ಎತ್ತಿ ಇಳಿಸಿ. ಮೇಷ್ಟರು ಬೈಯುವುದಿಲ್ಲ!

ರಕ್ತದಲ್ಲಿ ಏನಿದೆ?

ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಗಾಜಿನ ಕೊಳವೆಯಲ್ಲಿ ಇಟ್ಟರೆ ಅದು ತಾನಾಗಿ ಬೇರೆಯಾಗುತ್ತದೆ. ಮೇಲೆ ನಸುಹಳದಿ ಬಣ್ಣದ ರಕ್ತರಸ, ಅಂದರೆ ಪ್ಲಾಸ್ಮಾ, ನೂರರಲ್ಲಿ ಸುಮಾರು 55 ಭಾಗ. ಕೆಳಗೆ ಕಣಗಳು, ಸುಮಾರು 45 ಭಾಗ. ಪ್ಲಾಸ್ಮಾದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ನೀರು. ಉಳಿದದ್ದರಲ್ಲಿ ಲವಣ, ಸಕ್ಕರೆ ಮತ್ತು ಪ್ರೋಟೀನುಗಳು ಮುಖ್ಯ. ಆಲ್ಬುಮಿನ್ ಎಂಬ ಪ್ರೋಟೀನು ನೀರನ್ನು ನಾಳದೊಳಗೆ ಹಿಡಿದಿಡುತ್ತದೆ. ಫೈಬ್ರಿನೋಜನ್ ಎಂಬುದನ್ನು ನೆನಪಿಡಿ, ಅದರ ಕೆಲಸ ಮುಂದೆ ಬರುತ್ತದೆ.

ಕಣಗಳಲ್ಲಿ ಬಹುಪಾಲು ಕೆಂಪು ರಕ್ತಕಣಗಳು. ಒಂದು ಘನ ಮಿಲಿಮೀಟರಿನಲ್ಲಿ, ಅಂದರೆ ಸಾಸಿವೆ ಕಾಳಿಗಿಂತ ಕಿರಿದಾದ ಜಾಗದಲ್ಲಿ, ಸುಮಾರು 45ರಿಂದ 50 ಲಕ್ಷ. ಇವು ನಡುವೆ ತಗ್ಗಾದ ಬಿಲ್ಲೆಗಳು. ಬೆಳೆದ ಮೇಲೆ ಇವುಗಳಲ್ಲಿ ಕೋಶಕೇಂದ್ರ ಇರುವುದಿಲ್ಲ. ಆ ಜಾಗವನ್ನೂ ಹೀಮೋಗ್ಲೋಬಿನ್ನಿಗೆ ಬಿಟ್ಟುಕೊಟ್ಟಿವೆ. ಹೀಮೋಗ್ಲೋಬಿನ್ನಿನ ಕಬ್ಬಿಣವೇ ಆಮ್ಲಜನಕವನ್ನು ಹಿಡಿಯುವುದು. ಒಂದು ಕೆಂಪುಕಣದ ಆಯಸ್ಸು ಸುಮಾರು 120 ದಿನ. ಸವೆದವುಗಳ ಜಾಗಕ್ಕೆ ಅಸ್ಥಿಮಜ್ಜೆ ಪ್ರತಿ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಹೊಸ ಕಣಗಳನ್ನು ಕಳಿಸುತ್ತಿರುತ್ತದೆ. ಘನ ಮಿಲಿಮೀಟರಿಗೆ 4000ದಿಂದ 11000 ಬಿಳಿ ರಕ್ತಕಣಗಳು ಇರುತ್ತವೆ. ರೋಗಾಣುಗಳೊಡನೆ ಹೋರಾಡುವುದು ಇವುಗಳ ಪಾಲಿನ ಕೆಲಸ. ಕೊನೆಯದಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಕಿರುತಟ್ಟೆಗಳು. ಪ್ಲೇಟ್‌ಲೆಟ್ ಎಂದು ನೀವು ಆಸ್ಪತ್ರೆಗಳಲ್ಲಿ ಕೇಳುವುದು ಇವನ್ನೇ.

ಹೆಪ್ಪು ಮತ್ತು ಕಾವಲು

ಈಗ ನಮ್ಮ ಕೊಯ್ದ ಬೆರಳಿಗೆ ಮರಳೋಣ. ನಾಳ ತುಂಡಾದ ಕೂಡಲೇ ಅದರ ಸ್ನಾಯು ಕುಗ್ಗಿ ದಾರಿ ಕಿರಿದಾಗುತ್ತದೆ. ಒಳಪೊರೆ ಹರಿದುಹೋದ್ದರಿಂದ ಅದರ ಕೆಳಗಿನ ನಾರುಗಳು ರಕ್ತಕ್ಕೆ ಕಾಣುತ್ತವೆ. ಕಿರುತಟ್ಟೆಗಳು ಅಲ್ಲಿಗೆ ಅಂಟಿ, ಒಂದನ್ನೊಂದು ಕೂಗಿ ಕರೆದಂತೆ ಗುಂಪುಗೂಡಿ ತೂತಿಗೆ ಬಿರಡೆ ಹಾಕುತ್ತವೆ. ಇತ್ತ ಪ್ಲಾಸ್ಮಾದ ಪ್ರೋಟೀನುಗಳು ಒಂದು ಇನ್ನೊಂದನ್ನು ಎಬ್ಬಿಸುತ್ತ ಹೋಗಿ ಕೊನೆಗೆ ಥ್ರಾಂಬಿನ್ ಹುಟ್ಟುತ್ತದೆ. ಅದು ಕರಗಿದ್ದ ಫೈಬ್ರಿನೋಜನ್ನನ್ನು ಫೈಬ್ರಿನ್ ಎಂಬ ಎಳೆಗಳಾಗಿ ಮಾಡುತ್ತದೆ. ಎಳೆಗಳು ಬಲೆ ಹೆಣೆಯುತ್ತವೆ, ಬಲೆಯಲ್ಲಿ ಕೆಂಪುಕಣಗಳು ಸಿಕ್ಕಿಬೀಳುತ್ತವೆ. ಹಾಲು ಮೊಸರಾದಂತೆ ರಕ್ತ ಹೆಪ್ಪಾಯಿತು.

ಹಾಗಾದರೆ ಈ ಹೆಪ್ಪು ನಾಳದುದ್ದಕ್ಕೂ ಏಕೆ ಹಬ್ಬುವುದಿಲ್ಲ? ಗೋಡೆಯ ಒಳಪೊರೆ ಬಿಡುವುದಿಲ್ಲ. ಅದು ಬರಿಯ ನುಣುಪಾದ ಹಾಸಲ್ಲ, ಜೀವಂತ ಕಾವಲುಗಾರ. ಕಿರುತಟ್ಟೆಗಳು ಅಂಟದಂತೆ ತಡೆಯುವ ವಸ್ತುಗಳನ್ನು ಅದು ಸದಾ ಸ್ರವಿಸುತ್ತದೆ. ಹೆಚ್ಚಾದ ಥ್ರಾಂಬಿನ್ನನ್ನು ಹಿಡಿದು ಅಡಗಿಸುತ್ತದೆ. ಹಳೆಯ ಹೆಪ್ಪನ್ನು ಕರಗಿಸುವ ಏರ್ಪಾಡೂ ಅದರಲ್ಲಿದೆ. ಈ ಪೊರೆ ಬಿಡುಗಡೆ ಮಾಡುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ನಾಳವನ್ನು ಸಡಿಲಿಸುತ್ತದೆ ಎಂದು ಕಂಡುಹಿಡಿದುದಕ್ಕಾಗಿ ರಾಬರ್ಟ್ ಫರ್ಚ್‌ಗಾಟ್, ಲೂಯಿ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ 1998ರ ನೊಬೆಲ್ ಪ್ರಶಸ್ತಿ ಬಂತು. ಪೊರೆ ಇರುವಲ್ಲಿ ರಕ್ತ ಹರಿಯುತ್ತದೆ, ಪೊರೆ ಹರಿದಲ್ಲಿ ನಿಲ್ಲುತ್ತದೆ. ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

ಈ ಸಮತೋಲ ಎರಡು ಕಡೆಗೂ ತಪ್ಪಬಹುದು.

ಮೊದಲನೆಯದು, ನಿಲ್ಲಬೇಕಾದ ರಕ್ತ ನಿಲ್ಲದೆ ಹೋಗುವುದು. ಗಾಯ ದೊಡ್ಡದಾಗಿದ್ದರೆ ಬಿರಡೆ ಕಟ್ಟುವ ಮೊದಲೇ ರಕ್ತದ ರಭಸ ಅದನ್ನು ಕಿತ್ತೊಯ್ಯುತ್ತದೆ. ಕಡುಗೆಂಪು ರಕ್ತ ಸಮನಾಗಿ ಹರಿದರೆ ಅಭಿಧಮನಿ ತುಂಡಾಗಿರಬಹುದು. ಹೊಳೆಯುವ ಕೆಂಪು ರಕ್ತ ಬಡಿತಕ್ಕೊಮ್ಮೆ ಚಿಮ್ಮಿದರೆ ಅಪಧಮನಿ. ಎರಡಕ್ಕೂ ನಿಮ್ಮ ಕೈಯಲ್ಲಿರುವ ಮೊದಲ ಮದ್ದು ಒಂದೇ: ಒತ್ತಡ. ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆಯೇ ಇಟ್ಟು ಅಂಗೈಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಕನಿಷ್ಠ ಹತ್ತು ನಿಮಿಷ ಬಿಡಬೇಡಿ. ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಿದರೆ ಕಟ್ಟುತ್ತಿರುವ ಬಲೆ ಹರಿಯುತ್ತದೆ. ಬಟ್ಟೆ ತೊಯ್ದರೆ ಅದನ್ನು ತೆಗೆಯದೆ ಮೇಲೊಂದು ಇಡಿ. ಗಾಜೋ ಕಬ್ಬಿಣವೋ ಆಳವಾಗಿ ನೆಟ್ಟಿದ್ದರೆ ಕೀಳಬೇಡಿ, ಅದರ ಸುತ್ತ ಒತ್ತಿ. ಕಾಫಿ ಪುಡಿ, ಸುಣ್ಣ, ಮಣ್ಣು ಬೇಡ. ಅವು ರಕ್ತ ನಿಲ್ಲಿಸುವುದಿಲ್ಲ, ಸೋಂಕು ತರುತ್ತವೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ, ನಿಮ್ಮ ಕೈ ಗಾಯದ ಮೇಲೆಯೇ ಇರಲಿ. ದೊಡ್ಡವರಲ್ಲಿ ಇರುವ ಐದು ಲೀಟರಿನಲ್ಲಿ ಅರ್ಧ ಲೀಟರ್ ಹೋದರೆ ದೇಹ ತಾಳಿಕೊಳ್ಳುತ್ತದೆ. ಎರಡು ಲೀಟರ್ ಹೋದರೆ ಪ್ರಾಣಕ್ಕೆ ಅಪಾಯ. ಒತ್ತಿ ಹಿಡಿದ ಒಂದು ಅಂಗೈ ಇವೆರಡರ ನಡುವಿನ ಅಂತರವನ್ನು ಕಾಯಬಲ್ಲದು.

ನಮ್ಮ ಹೊಲಗದ್ದೆಗಳಲ್ಲಿ ಇನ್ನೊಂದು ಅಪಾಯವಿದೆ. ಕೊಳಕುಮಂಡಲ ಹಾವಿನ ವಿಷ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ದುಂದುಮಾಡಿ ಮುಗಿಸಿಬಿಡುತ್ತದೆ. ಫೈಬ್ರಿನೋಜನ್ ಬರಿದಾಗಿ ವಸಡಿನಿಂದಲೂ ಮೂತ್ರದಲ್ಲಿಯೂ ರಕ್ತ ಬರತೊಡಗುತ್ತದೆ. ಇದನ್ನು ತಿಳಿಯಲು ವೈದ್ಯರು ಮಾಡುವ ಪರೀಕ್ಷೆ ಎಷ್ಟು ಸರಳ ನೋಡಿ. ಸ್ವಚ್ಛವಾದ ಒಣ ಗಾಜಿನ ಕೊಳವೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಡುತ್ತಾರೆ. ಬಳಿಕ ಬಗ್ಗಿಸಿ ನೋಡುತ್ತಾರೆ. ರಕ್ತ ಇನ್ನೂ ನೀರಾಗಿಯೇ ಹರಿದರೆ ವಿಷ ಏರಿದೆ ಎಂದರ್ಥ. ಇಂಥ ರೋಗಿಯ ಕಡಿತದ ಜಾಗವನ್ನು ಬ್ಲೇಡಿನಿಂದ ಕೊಯ್ದರೆ ಏನಾದೀತು, ನೀವೇ ಯೋಚಿಸಿ. ಬಿಗಿಯಾಗಿ ಹಗ್ಗ ಕಟ್ಟಿದರೆ ಅಪಧಮನಿಯ ದಾರಿ ಮುಚ್ಚಿ ಕಾಲೇ ಹೋಗಬಹುದು. ಕೊಯ್ಯಬೇಡಿ, ಕಟ್ಟಬೇಡಿ, ಚೀಪಬೇಡಿ. ಕಡಿತವಾದ ಅಂಗ ಅಲುಗದಂತೆ ಇರಿಸಿ ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಮದ್ದು ಪ್ರತಿವಿಷವೊಂದೇ. ಆ ಪ್ರತಿವಿಷವನ್ನೂ ಕುದುರೆಯ ರಕ್ತರಸದಿಂದಲೇ ತಯಾರಿಸುತ್ತಾರೆ.

ಡೆಂಗಿ ಜ್ವರದಲ್ಲಿ ಎರಡು ತೊಂದರೆ ಸೇರುತ್ತವೆ. ಕಿರುತಟ್ಟೆಗಳು ಇಳಿಯುತ್ತವೆ. ಜೊತೆಗೆ ಲೋಮನಾಳದ ಗೋಡೆ ಸಡಿಲಾಗಿ ಪ್ಲಾಸ್ಮಾ ಹೊರಗೆ ಸೋರುತ್ತದೆ. ಎಲ್ಲರ ಕಣ್ಣೂ ಪ್ಲೇಟ್‌ಲೆಟ್ ಲೆಕ್ಕದ ಮೇಲಿರುತ್ತದೆ. ಸೋರಿಕೆಯ ಅಪಾಯ ಅದಕ್ಕಿಂತ ಕಡಿಮೆಯದಲ್ಲ, ಮತ್ತು ಅದು ಜ್ವರ ಇಳಿಯುವ ಹೊತ್ತಿಗೇ ತಲೆದೋರುತ್ತದೆ. ಜ್ವರ ಬಿಟ್ಟಿತೆಂದು ನಿರಾಳವಾಗದೆ, ಹೊಟ್ಟೆನೋವು, ಬಿಡದ ವಾಂತಿ, ವಸಡಿನ ರಕ್ತ, ಸುಸ್ತು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳು ಕಿರುತಟ್ಟೆಗಳ ಕೆಲಸವನ್ನು ಕೆಡಿಸುವುದರಿಂದ ಆ ಜ್ವರದಲ್ಲಿ ನುಂಗಬಾರದು.

ಎರಡನೆಯದು, ಹರಿಯಬೇಕಾದ ರಕ್ತ ಒಳಗೇ ನಿಂತುಹೋಗುವುದು. ರಕ್ತದ ಒತ್ತಡ ವರ್ಷಗಟ್ಟಲೆ ಹೆಚ್ಚಾಗಿದ್ದರೆ, ತಂಬಾಕಿನ ವಿಷ ದಿನವೂ ತಾಗುತ್ತಿದ್ದರೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದ್ದರೆ ಒಳಪೊರೆ ಹದಗೆಡುತ್ತದೆ. ಅದರಡಿ ಕೊಬ್ಬು ಸೇರಿ ದಿಬ್ಬವಾಗುತ್ತದೆ. ಒಂದು ದಿನ ದಿಬ್ಬ ಬಿರಿಯುತ್ತದೆ. ರಕ್ತಕ್ಕೆ ಅದು ಗಾಯವೆಂದೇ ತೋರಿ ಅಲ್ಲಿ ಹೆಪ್ಪು ಕಟ್ಟುತ್ತದೆ. ಬೆರಳನ್ನು ಕಾಪಾಡಿದ ಅದೇ ಕೆಲಸ ಹೃದಯದ ನಾಳದಲ್ಲಿ ನಡೆದರೆ ಹೃದಯಾಘಾತ, ಮಿದುಳಿನ ನಾಳದಲ್ಲಿ ನಡೆದರೆ ಪಾರ್ಶ್ವವಾಯು.

ಇದು ಮುದುಕರ ಕಾಯಿಲೆ ಎಂದುಕೊಳ್ಳಬೇಡಿ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು 1953ರಲ್ಲಿ ವರದಿ ಪ್ರಕಟಿಸಿದರು. ಆ ಸೈನಿಕರ ಸರಾಸರಿ ವಯಸ್ಸು 22. ಮುಕ್ಕಾಲಿಗಿಂತ ಹೆಚ್ಚು ಮಂದಿಯ ಹೃದಯದ ಅಪಧಮನಿಗಳಲ್ಲಿ ಈ ಕಾಯಿಲೆಯ ಗುರುತುಗಳು ಆಗಲೇ ಇದ್ದವು. ಅಂದರೆ ನಾಳದ ಗೋಡೆ ನಿಮ್ಮ ವಯಸ್ಸಿನಿಂದಲೇ ಲೆಕ್ಕ ಬರೆದಿಡುತ್ತದೆ. ಮೊದಲ ಬೀಡಿ, ಮೊದಲ ಗುಟ್ಕಾ ಬೇಡವೆನ್ನುವ ಧೈರ್ಯಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೆ? ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊಟದ ಜೊತೆಯ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಚಿಪ್ಸ್ ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಕಾರ್ಖಾನೆಯಲ್ಲಿ ತಯಾರಾಗದ ವಸ್ತು

ರಕ್ತ ಕಳೆದುಕೊಂಡವರಿಗೆ ರಕ್ತವನ್ನೇ ಕೊಡಬೇಕು. ಅದನ್ನು ಬೇಕಾದಷ್ಟು ಮಾಡಿಕೊಡುವ ಕಾರ್ಖಾನೆ ಇಂದಿಗೂ ಇಲ್ಲ. ಹಿಂದೆ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಟ್ಟಾಗ ಕೆಲವರು ಬದುಕುತ್ತಿದ್ದರು, ಕೆಲವರು ಸಾಯುತ್ತಿದ್ದರು. ಕಾರಣ ತಿಳಿದದ್ದು 1901ರಲ್ಲಿ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತದಲ್ಲಿ ಗುಂಪುಗಳಿವೆ ಎಂದು ತೋರಿಸಿದರು. ಎ, ಬಿ, ಓ ಮತ್ತು ಮರುವರ್ಷ ಅವರ ಸಹೋದ್ಯೋಗಿಗಳು ಕಂಡ ಎಬಿ, ಇವೇ ನಾವು ಇಂದು ಬಳಸುವ ಹೆಸರುಗಳು. ಅವರಿಗೆ 1930ರಲ್ಲಿ ನೊಬೆಲ್ ಬಂತು. ಅವರ ಹುಟ್ಟುಹಬ್ಬವಾದ ಜೂನ್ 14 ಈಗ ವಿಶ್ವ ರಕ್ತದಾನಿಗಳ ದಿನ.

ನಮ್ಮ ದೇಶದ ಹೆಸರೂ ಈ ಪಟ್ಟಿಯಲ್ಲಿದೆ. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಬಹಳ ಅಪರೂಪದ ಗುಂಪೊಂದನ್ನು ಗುರುತಿಸಿದರು. ಅದು ಬಾಂಬೆ ಗುಂಪು ಎಂದೇ ಪ್ರಸಿದ್ಧ. ಸಾಮಾನ್ಯ ಪರೀಕ್ಷೆಯಲ್ಲಿ ಇದು ಓ ಗುಂಪಿನಂತೆ ಕಾಣುತ್ತದೆ. ಆದರೆ ಇವರಿಗೆ ಓ ರಕ್ತವೂ ಆಗದು, ಇನ್ನೊಬ್ಬ ಬಾಂಬೆ ಗುಂಪಿನವರ ರಕ್ತವೇ ಬೇಕು. ರಕ್ತ ಕೊಡುವ ಮುನ್ನ ಪ್ರತಿಸಲವೂ ಹೊಂದಾಣಿಕೆಯ ಪರೀಕ್ಷೆ ಮಾಡುವುದು ಏಕೆಂದು ಈಗ ತಿಳಿಯಿತಲ್ಲ?

ನಮ್ಮಲ್ಲಿ 18ರಿಂದ 65 ವಯಸ್ಸಿನ, 45 ಕಿಲೋಗ್ರಾಂ ತೂಕಕ್ಕೆ ಕಡಿಮೆಯಿಲ್ಲದ, ಹೀಮೋಗ್ಲೋಬಿನ್ 12.5 ಗ್ರಾಂ ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಒಮ್ಮೆಗೆ ತೆಗೆಯುವುದು 350 ಅಥವಾ 450 ಮಿಲಿಲೀಟರ್. ಕಳೆದ ನೀರಿನಂಶ ಒಂದೆರಡು ದಿನದಲ್ಲಿ ತುಂಬುತ್ತದೆ, ಕಣಗಳು ಕೆಲವು ವಾರಗಳಲ್ಲಿ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ರಕ್ತವನ್ನು ಹಣಕ್ಕೆ ಮಾರುವುದನ್ನು ಸುಪ್ರೀಂ ಕೋರ್ಟಿನ ತೀರ್ಪಿನಂತೆ 1998ರ ಜನವರಿಯಿಂದ ನಿಷೇಧಿಸಲಾಗಿದೆ. ಆದ್ದರಿಂದ ರಕ್ತನಿಧಿಗಳು ನಿಂತಿರುವುದು ದಾನಿಗಳನ್ನು ನಂಬಿಕೊಂಡೇ. ಕಿರುತಟ್ಟೆಗಳನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಒಂದು ದಿನ ಸಾವಿರ ಮಂದಿ ಕೊಟ್ಟು ಸುಮ್ಮನಾಗುವುದಕ್ಕಿಂತ, ದಿನವೂ ಹತ್ತು ಮಂದಿ ಬಂದರೆ ಹೆಚ್ಚು ಉಪಕಾರ.

ಆದರೆ ಕೊಡಲು ಮೊದಲು ನಮ್ಮಲ್ಲಿ ಇರಬೇಕು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59. ತರಗತಿಯ ಹುಡುಗಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಎಂದಾಯಿತು. ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕುಳಿತರೆ ತೂಕಡಿಕೆ, ಇವು ಸೋಮಾರಿತನವೆಂದು ಬೈಸಿಕೊಂಡ ಹುಡುಗಿಯರು ಎಷ್ಟೋ! ನಿಜವಾದ ಕಾರಣ ಕಬ್ಬಿಣದ ಕೊರತೆ ಆಗಿರಬಹುದು. ರಾಗಿ, ಹುರುಳಿ, ಹರಿವೆ, ನುಗ್ಗೆಸೊಪ್ಪು ಊಟದಲ್ಲಿರಲಿ, ರೂಢಿಯಿದ್ದವರಿಗೆ ಮಾಂಸ ಮೀನು ಇರಲಿ. ಮೇಲೊಂದು ನಿಂಬೆಹೋಳು ಹಿಂಡಿದರೆ ಅಥವಾ ನೆಲ್ಲಿಕಾಯಿ ತಿಂದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಉಂಡ ಕೂಡಲೇ ಕುಡಿದ ಕಾಫಿ ಟೀ ಅದಕ್ಕೆ ಅಡ್ಡಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ಕಿಟಕಿಯಿಂದಾಚೆ ಎಸೆಯಬೇಡಿ, ಊಟವಾದ ಮೇಲೆ ನುಂಗಿ.

ಮಿತ್ರರೇ, ನಾನು ಮಾತನಾಡಲು ತೊಡಗಿದಾಗ ನಿಮ್ಮ ಹೃದಯದಿಂದ ಹೊರಟ ರಕ್ತ ಈ ವೇಳೆಗೆ ಹತ್ತಾರು ಸಲ ಮೈಸುತ್ತಿ ಬಂದಿದೆ. ಕುಳಿತಲ್ಲಿ ಒಂದು ಸುತ್ತಿಗೆ ಅದು ತೆಗೆದುಕೊಳ್ಳುವುದು ಸುಮಾರು ಒಂದು ನಿಮಿಷ. ಈ ವಾರ ಮೂರು ಕೆಲಸ ಮಾಡಿ. ನಿಮ್ಮ ರಕ್ತದ ಗುಂಪು ಯಾವುದೆಂದು ತಿಳಿದು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹೀಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮನೆಯಲ್ಲಿ 30 ದಾಟಿದವರ ರಕ್ತದೊತ್ತಡವನ್ನು ಅಳೆಸಿ, ಏಕೆಂದರೆ ಅದು 140ಕ್ಕೆ 90ನ್ನು ಮುಟ್ಟಿದರೂ ಮೈಗೆ ಏನೂ ಗೊತ್ತಾಗದಿರಬಹುದು. ಹಾರ್ವೆಯ ಪ್ರಯೋಗವನ್ನಂತೂ ಇಂದು ಸಂಜೆಯೇ ನಿಮ್ಮ ಅಜ್ಜಿಯ ಕೈಮೇಲೆ ಮಾಡಿ ತೋರಿಸಿ. ವಯಸ್ಸಾದವರ ಕೈಯಲ್ಲಿ ನಾಳಗಳು ಎದ್ದು ಕಾಣುತ್ತವೆ. ಕವಾಟ ಎಲ್ಲಿದೆ ಎಂದು ಅಜ್ಜಿಯೇ ಹೇಳುತ್ತಾರೆ. ಆ ಬಳಿಕ ಕಾಫಿ ಪುಡಿಯ ವಿಷಯವನ್ನೂ ಮೆಲ್ಲಗೆ ತಿಳಿಸಬಹುದು.